ಅಮಾನತಿಗೆ ಬೀಗವಿಲ್ಲದ ಸಂಸ್ಥೆಗಳು

ಕಳೆದ ರಮಝಾನಿನ ಕೊನೆಯ ಹತ್ತರಲ್ಲಿ ಒಂದು ಸಂಜೆ ಪಾದರಾಯನಪುರದ ಹಿರಿಯರೊಬ್ಬರು ದೂರವಾಣಿ ಮಾಡಿದರು. ಬಡ ಮಕ್ಕಳ ಶಾಲಾ ಶುಲ್ಕ ಭರಿಸುವ ಒಂದು ಸಣ್ಣ ಟ್ರಸ್ಟ್‌ನ ಕೆಲಸದಲ್ಲಿ ನಾನೂ ಕೈಜೋಡಿಸಿರುವುದು ಅವರಿಗೆ ಗೊತ್ತು. ಝಕಾತ್ ಕಳುಹಿಸಲೆಂದು ಟ್ರಸ್ಟ್‌ನ ಜಾಲತಾಣ ತೆರೆದರೆ, ಇದು ಸುರಕ್ಷಿತವಲ್ಲ, ನಿಮ್ಮ ಮಾಹಿತಿ ಕಳವಾಗಬಹುದು ಎಂಬ ಎಚ್ಚರಿಕೆ ಪರದೆಯ ತುಂಬ ಬಂತಂತೆ. "ಮೌಲಾನಾ, ನಿಮ್ಮ ಹೆಸರಿನಲ್ಲಿ ಯಾರಾದರೂ ಮೋಸ ಮಾಡುತ್ತಿದ್ದಾರೆಯೇ?" ಎಂದು ಕೇಳಿದರು.

ಯಾರೂ ಮೋಸ ಮಾಡಿರಲಿಲ್ಲ. ಮೂರು ತಿಂಗಳ ಹಿಂದೆ ಜಾಲತಾಣಕ್ಕೆ ಹಾಕಿಸಿದ್ದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದು ಉಚಿತವಾಗಿ ಸಿಕ್ಕಿದ್ದು; ನವೀಕರಿಸಲು ಒಂದು ಪೈಸೆಯೂ ಬೇಕಿರಲಿಲ್ಲ. ನಾವು ಮರೆತಿದ್ದೆವು.

ಇದನ್ನು ಕಂಪ್ಯೂಟರ್ ಬಲ್ಲವರ ವಿಷಯವೆಂದು ಬದಿಗಿಡುವವರೇ ನಮ್ಮಲ್ಲಿ ಹೆಚ್ಚು. ಆದರೆ ನಮ್ಮ ಶಿಕ್ಷಣ ಸಂಸ್ಥೆಗಳು, ಮಸೀದಿ ಕಮಿಟಿಗಳು, ವಿವಾಹ ಸಂಪರ್ಕ ಕೇಂದ್ರಗಳು ಜಾಲತಾಣಗಳ ಮೂಲಕ ಏನನ್ನು ಕೇಳುತ್ತವೆ ಎಂಬುದನ್ನು ನೋಡಿ. ವಿಧವೆಯ ಆಧಾರ್ ಸಂಖ್ಯೆ, ತಂದೆಯ ಆದಾಯ, ಬ್ಯಾಂಕ್ ಖಾತೆ, ಮನೆಯ ವಿಳಾಸ, ಮದುವೆಗೆ ಬಂದ ಮಗಳ ಭಾವಚಿತ್ರ. ಪ್ರಮಾಣಪತ್ರವಿಲ್ಲದ ಜಾಲತಾಣದಲ್ಲಿ ಇವೆಲ್ಲ ಅಂಚೆ ಕಾರ್ಡಿನಲ್ಲಿ ಬರೆದಂತೆ ತೆರೆದುಕೊಂಡೇ ಸಾಗುತ್ತವೆ. ದಾರಿಯಲ್ಲಿ ಕುಳಿತವನು ಓದಬಲ್ಲ, ತಿದ್ದಲೂ ಬಲ್ಲ. ಝಕಾತ್ ಕಳುಹಿಸಲು ನಾವು ಪ್ರಕಟಿಸಿದ ಖಾತೆ ಸಂಖ್ಯೆಯ ಜಾಗದಲ್ಲಿ ತನ್ನದನ್ನು ಕೂರಿಸಲೂ ಬಲ್ಲ. ಪ್ರಮಾಣಪತ್ರವಿದ್ದರೆ ಅದೇ ಮಾಹಿತಿ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ.

ಮದರಸಾದಲ್ಲಿ ಓದಿದವರಿಗೆ ಇದರ ಒಳಗುಟ್ಟು ಸುಲಭವಾಗಿ ಅರ್ಥವಾಗಬೇಕು. ಹದೀಸನ್ನು ಸ್ವೀಕರಿಸುವ ಮೊದಲು ನಾವು ಅದರ ಸನದನ್ನು ನೋಡುತ್ತೇವೆ: ಇವರು ಯಾರಿಂದ ಕೇಳಿದರು, ಅವರು ಯಾರಿಂದ. ಜಾಲತಾಣದ ಪ್ರಮಾಣಪತ್ರಕ್ಕೂ ಅಂಥದೇ ಸರಪಳಿಯಿದೆ. ಜಾಲತಾಣದ ಪತ್ರಕ್ಕೆ ಒಂದು ಮಧ್ಯವರ್ತಿ ಪತ್ರದ ಸಹಿ, ಅದಕ್ಕೆ ಮೂಲ ಪ್ರಾಧಿಕಾರದ ಸಹಿ. ಆ ಮೂಲ ಪ್ರಾಧಿಕಾರಗಳ ಪಟ್ಟಿ ನಮ್ಮ ಮೊಬೈಲಿನ ಬ್ರೌಸರಿನೊಳಗೇ ಇರುತ್ತದೆ. ಸರಪಳಿಯಲ್ಲಿ ಒಂದು ಕೊಂಡಿ ಕೆಟ್ಟರೂ ಇಡೀ ವರದಿ ತಿರಸ್ಕೃತ.

ಕೊಂಡಿ ಕೆಟ್ಟ ಉದಾಹರಣೆಗಳೂ ಉಂಟು. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಾಧಿಕಾರದೊಳಗೆ ನುಸುಳಿದವರು ಗೂಗಲ್ ಹೆಸರಿನಲ್ಲೂ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದರು. ಸುಮಾರು 3 ಲಕ್ಷ ಸಂಪರ್ಕಗಳು ಕದ್ದುನೋಟಕ್ಕೆ ಬಲಿಯಾದವು. ಅವುಗಳಲ್ಲಿ ಬಹುಪಾಲು ಇರಾನಿನವು. ಆ ಸಂಸ್ಥೆ ಅದೇ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಯಿತು. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2014ರ ಜುಲೈಯಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕಡೆಯಿಂದ ಗೂಗಲ್ ಮತ್ತು ಯಾಹೂ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದು ಪತ್ತೆಯಾಗಿ, ಅದರ ಅಧಿಕಾರ ಪತ್ರಗಳನ್ನು ರದ್ದುಪಡಿಸಬೇಕಾಯಿತು. 2019ರಲ್ಲಿ ಕಝಾಕಿಸ್ತಾನದ ಸರಕಾರ ತನ್ನದೇ ಪ್ರಮಾಣಪತ್ರವನ್ನು ನಾಗರಿಕರ ಮೊಬೈಲುಗಳಲ್ಲಿ ಹಾಕಿಸಲು ಹೊರಟಿತು. ಗೂಗಲ್, ಮೊಝಿಲ್ಲಾ, ಆ್ಯಪಲ್ ಮೂರೂ ಅದನ್ನು ತಡೆದವು. ಇಣುಕಿ ನೋಡುವ ಚಪಲ ಆಳುವವರಿಗೆ ಎಲ್ಲೆಡೆಯೂ ಇದೆ, ಅವರು ಮುಸ್ಲಿಮ್ ಹೆಸರಿನವರಾದರೂ ಸರಿ.

ಒಂದು ಕಾಲದಲ್ಲಿ ಈ ಪ್ರಮಾಣಪತ್ರಕ್ಕೆ ವರ್ಷವರ್ಷವೂ ಸಾವಿರಾರು ರೂಪಾಯಿ ತೆರಬೇಕಿತ್ತು. ಸಣ್ಣ ಸಂಸ್ಥೆಗಳು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಮೊಝಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಮತ್ತು ಮಿಚಿಗನ್ ವಿಶ್ವವಿದ್ಯಾನಿಲಯದ ಕೆಲವರು ಸೇರಿ 2014ರಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಯೋಜನೆಯನ್ನು ಘೋಷಿಸಿದರು. 2015ರ ಡಿಸೆಂಬರ್‌ನಿಂದ ಅದು ಎಲ್ಲರಿಗೂ ಉಚಿತ. ದೇಣಿಗೆ ಮತ್ತು ಪ್ರಾಯೋಜಕರ ನೆರವಿನಿಂದ ನಡೆಯುವ ಈ ಯೋಜನೆ 2020ರ ಫೆಬ್ರವರಿಯ ಹೊತ್ತಿಗೆ ನೂರು ಕೋಟಿ ಪ್ರಮಾಣಪತ್ರಗಳನ್ನು ನೀಡಿತ್ತು. ಮದೀನಾದಲ್ಲಿ ನೀರನ್ನು ಮಾರುತ್ತಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ಪ್ರತಿ ವಕ್ಫ್ ಭಾಷಣದಲ್ಲೂ ಸ್ಮರಿಸುತ್ತೇವೆ. ಇಂದಿನ ಕಾಲದ ಇಂಥದೊಂದು ಬಾವಿಯನ್ನು ಬೇರೆ ಯಾರೋ ತೋಡಿ ಕೊಟ್ಟಿದ್ದಾರೆ. ನಮ್ಮವರು ಕೊಡವನ್ನೂ ಇಳಿಸುತ್ತಿಲ್ಲ. ಈಗಲೂ ಕೆಲವು ಮಧ್ಯವರ್ತಿಗಳು ಉಚಿತ ಪತ್ರವನ್ನೇ ಹಾಕಿಕೊಟ್ಟು ವಾರ್ಷಿಕ ಶುಲ್ಕ ವಸೂಲಿ ಮಾಡುತ್ತಾರೆ. ಕಮಿಟಿಗಳು ಪ್ರಶ್ನಿಸದೆ ಚೆಕ್ಕಿಗೆ ಸಹಿ ಹಾಕುತ್ತವೆ.

ಅಂದು ಇಫ್ತಾರ್ ಮುಗಿಸಿ, ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಆರ್‌ಪಿಸಿ ಲೇಔಟ್‌ಗೆ ಹೋದೆ. ಅಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಯುವಕನೊಬ್ಬ ಟ್ರಸ್ಟ್‌ನ ಜಾಲತಾಣವನ್ನು ಸಂಭಾವನೆಯಿಲ್ಲದೆ ನೋಡಿಕೊಳ್ಳುತ್ತಾನೆ. ಮದುವೆ ಪತ್ರಿಕೆಗಳ ರಾಶಿಯ ನಡುವೆ ಕುಳಿತು ಅವನು ಮಾಡಿದ ಕೆಲಸವನ್ನು ಪಕ್ಕದಲ್ಲಿದ್ದು ನೋಡಿದೆ. 'ಸರ್ಟ್‌ಬಾಟ್' ಎಂಬ ಉಚಿತ ತಂತ್ರಾಂಶಕ್ಕೆ ಜಾಲತಾಣದ ಹೆಸರು ಹೇಳಿದ. ಪ್ರಾಧಿಕಾರ ಒಂದು ಗುಪ್ತ ಸಂಕೇತವನ್ನು ಕೊಟ್ಟು, ಇದನ್ನು ನಿಮ್ಮ ಜಾಲತಾಣದ ಇಂಥ ಜಾಗದಲ್ಲಿ ಇಡಿ ಎಂದಿತು. ತಂತ್ರಾಂಶ ಅದನ್ನು ಅಲ್ಲಿ ಇಟ್ಟಿತು. ಪ್ರಾಧಿಕಾರ ಹೊರಗಿನಿಂದ ಬಂದು ಓದಿ, ಈ ಜಾಲತಾಣ ನಿಜಕ್ಕೂ ಇವರ ಕೈಯಲ್ಲಿದೆ ಎಂದು ಖಚಿತಪಡಿಸಿಕೊಂಡು ಪತ್ರ ಕೊಟ್ಟಿತು. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಜಾಲತಾಣಕ್ಕೆ ಜಾಗ ಕೊಡುವ ಹಲವು ಕಂಪೆನಿಗಳಲ್ಲಿ ಇಷ್ಟೂ ಬೇಡ, ಒಂದು ಗುಂಡಿ ಒತ್ತಿದರೆ ಸಾಕು. ಹಳೆಯ ವಿಳಾಸದಿಂದ ಬಂದವರನ್ನು ಸುರಕ್ಷಿತ ವಿಳಾಸಕ್ಕೆ ತಿರುಗಿಸುವುದನ್ನೂ, ಪುಟದೊಳಗಿನ ಚಿತ್ರಗಳ ಹಳೆಯ ಕೊಂಡಿಗಳನ್ನು ತಿದ್ದುವುದನ್ನೂ ಮಾತ್ರ ಮರೆಯಬಾರದು.

ಹಾಗಾದರೆ ನಾವು ಎಡವಿದ್ದೆಲ್ಲಿ? ಈ ಪತ್ರದ ಆಯುಷ್ಯ 90 ದಿನ. ತಾನಾಗಿ ನವೀಕರಣವಾಗುವಂತೆ ವ್ಯವಸ್ಥೆ ಮಾಡಿಡಬೇಕು; ಮೊದಲ ಸಲ ಅದನ್ನು ಮಾಡಿರಲಿಲ್ಲ. ಹಿಂದೆ ಅವಧಿ ಮುಗಿಯುವ ಮುನ್ನ ಪ್ರಾಧಿಕಾರದಿಂದ ಇ-ಮೇಲ್ ಬರುತ್ತಿತ್ತು. 2025ರ ಜೂನ್‌ನಿಂದ ಅದು ನಿಂತಿದೆ. ಆ ಇ-ಮೇಲ್ ಬರುತ್ತದೆಂದು ಯುವಕ ನಂಬಿದ್ದ. ಯುವಕ ನೋಡಿಕೊಳ್ಳುತ್ತಾನೆಂದು ನಾವು ನಂಬಿದ್ದೆವು. ಮುಂದೆ ಅವಧಿ ಇನ್ನೂ ಕಿರಿದಾಗಲಿದೆ. 2029ರ ಮಾರ್ಚ್‌ನಿಂದ ಯಾವ ಪ್ರಾಧಿಕಾರದ ಹೊಸ ಪತ್ರವೂ 47 ದಿನಗಳಿಗಿಂತ ಹೆಚ್ಚು ಬಾಳುವಂತಿಲ್ಲ. ಉದ್ಘಾಟನೆಗೆ ಗಣ್ಯರನ್ನು ಕರೆದು, ಮರುದಿನದಿಂದ ಬಾಗಿಲು ನೋಡದ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವ ವ್ಯವಸ್ಥೆಯಲ್ಲ.

ಬೀಗವಿದ್ದ ಮಾತ್ರಕ್ಕೆ ಮನೆಯವರು ಸಜ್ಜನರೆಂದೂ ತಿಳಿಯಬಾರದು. ವಂಚಕನಿಗೂ ತನ್ನ ಜಾಲತಾಣಕ್ಕೆ ಇದೇ ಪತ್ರ ಸಿಗುತ್ತದೆ. ಬೀಗದ ಗುರುತನ್ನು ಜನ ಪ್ರಾಮಾಣಿಕತೆಯ ಗುರುತೆಂದು ತಪ್ಪು ತಿಳಿಯುತ್ತಿದ್ದುದರಿಂದಲೇ ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರಿನಿಂದ ಅದನ್ನು ತೆಗೆಯಿತು. 2021ರ ಜುಲೈಯಲ್ಲಿ, ಮತ್ತೆ 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು 'ಹರಾಜಿ'ಗಿಟ್ಟ ನೀಚರು ಯಾವ ಲಕೋಟೆಯನ್ನೂ ಒಡೆದಿರಲಿಲ್ಲ. ಸಾಮಾಜಿಕ ಜಾಲತಾಣಗಳಿಂದ ಚಿತ್ರಗಳನ್ನು ಎತ್ತಿಕೊಂಡಿದ್ದರು. ಎರಡನೆಯ ಪ್ರಕರಣದಲ್ಲಿ ಬಂಧಿತನಾದವರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಅಂದು ನಾವೆಲ್ಲ ಖಂಡನಾ ಹೇಳಿಕೆ ಹೊರಡಿಸಿದೆವು, ಹೊರಡಿಸಲೇಬೇಕಿತ್ತು. ಆದರೆ ನಮ್ಮ ವಿವಾಹ ಸಂಪರ್ಕ ಕೇಂದ್ರಗಳಿಗೆ ಬಂದ ಹೆಣ್ಣುಮಕ್ಕಳ ಚಿತ್ರಗಳು ಎಷ್ಟು ಜನರ ಮೊಬೈಲಿನಲ್ಲಿವೆ? ಮದುವೆಯಾದ ಬಳಿಕ ಅವನ್ನು ಅಳಿಸಿದವರು ಯಾರು? ಪರರ ಮನೆಯೊಳಗೆ ಅನುಮತಿಯಿಲ್ಲದೆ ಹೋಗಬಾರದೆಂದು ಸೂರಃ ಅನ್ನೂರ್‌ನಿಂದ ಕಲಿತ ಸಮುದಾಯ ಈ ಪ್ರಶ್ನೆಯನ್ನು ಸರಕಾರಕ್ಕೆ ಕೇಳುವ ಮೊದಲು ತನ್ನ ಕಮಿಟಿಗಳಿಗೆ ಕೇಳಬೇಕಿದೆ.

ರಾತ್ರಿಯೇ ಆ ಹಿರಿಯರಿಗೆ ಕರೆ ಮಾಡಿ ಜಾಲತಾಣ ಸರಿಯಾಗಿದೆಯೆಂದು ತಿಳಿಸಿದೆ. ಅಷ್ಟರಲ್ಲಿ ಅವರು ಝಕಾತನ್ನು ಬೇರೆಡೆಗೆ ಕೊಟ್ಟಾಗಿತ್ತು. ಈದ್ ನಂತರದ ಸಭೆಯಲ್ಲಿ ಟ್ರಸ್ಟ್ ಒಂದು ನಿರ್ಣಯ ಮಾಡಿತು. ನವೀಕರಣವನ್ನು ಯಂತ್ರಕ್ಕೆ ವಹಿಸಿದ್ದರೂ ತಿಂಗಳ ಮೊದಲ ಶುಕ್ರವಾರ ಇಬ್ಬರು ಸದಸ್ಯರು ಜಾಲತಾಣ ತೆರೆದು ಪತ್ರದ ದಿನಾಂಕ ನೋಡಿ, ನಡಾವಳಿ ಪುಸ್ತಕದಲ್ಲಿ ಸಹಿ ಹಾಕಬೇಕು. ಮೊದಲ ಸಹಿ ನನ್ನದು.