ಸಂತೆಗೆ ತೆಲುಗು ಸಾಕು, ಸಂಕಟ ಹೇಳಿಕೊಳ್ಳೋಕೆ ಮನೆಮಾತು ಬೇಕು



ಗಡಿ ಕನ್ನಡಿಗರ ಭಾಷೆಯ ಹಕ್ಕು ಅಂದ ತಕ್ಷಣ ಶಾಲೆ, ಮೇಷ್ಟ್ರು, ಪಠ್ಯಪುಸ್ತಕ ನೆನಪಿಗೆ ಬರುತ್ತವೆ. ಅದು ಸರಿಯೇ. ಆದರೆ ಭಾಷೆ ಇಲ್ಲದೆ ಜೀವವೇ ಬಾಯಿಗೆ ಬರುವ ಜಾಗಗಳೂ ಇವೆ. ಪೊಲೀಸ್ ಠಾಣೆ, ಆಸ್ಪತ್ರೆ, ಕೋರ್ಟು, ಸಹಾಯವಾಣಿ. ಇವತ್ತು ಅದರಲ್ಲೂ ಒಂದು ವಿಷಯ ಎತ್ತಿಕೊಳ್ಳುತ್ತಿದ್ದೇವೆ: ಮಾನವ ಕಳ್ಳಸಾಗಣೆಗೆ ಸಿಕ್ಕಿ, ಹೇಗೋ ಪಾರಾಗಿ ಊರಿಗೆ ವಾಪಸ್ ಬಂದ ನಮ್ಮ ಹೆಣ್ಣುಮಕ್ಕಳು.

ಅನಂತಪುರ ಸೀಮೆ ಬರದ ಸೀಮೆ. ಮಳೆ ಕೈಕೊಟ್ಟರೆ ಕಡಲೆಕಾಯಿ ಹೋಯಿತು, ಕಡಲೆಕಾಯಿ ಹೋದರೆ ಮನೆಮಂದಿ ಗುಳೆ ಹೊರಟರು. ಹಿಂದೂಪುರದಿಂದ ರೈಲು ಹತ್ತಿದರೆ ಗೌರಿಬಿದನೂರು, ದೊಡ್ಡಬಳ್ಳಾಪುರ, ಆಮೇಲೆ ಬೆಂಗಳೂರು. ಕಲ್ಯಾಣದುರ್ಗ, ಕುಂದುರ್ಪಿ ಕಡೆಯವರಿಗೆ ಪಾವಗಡ, ಚಳ್ಳಕೆರೆ ಪಕ್ಕದಲ್ಲೇ ಇವೆ. ದುಡಿಯೋಕೆ ಹೋಗೋ ಈ ದಾರಿಯಲ್ಲೇ ಏಜೆಂಟೂ ಓಡಾಡುತ್ತಾನೆ. "ಗಾರ್ಮೆಂಟ್ಸಲ್ಲಿ ಕೆಲಸ ಇದೆ ಅಕ್ಕಾ", "ಕುವೈತಲ್ಲಿ ಮನೆಗೆಲಸ, ತಿಂಗಳಿಗೆ ಇಷ್ಟು" ಅಂತ ನಂಬಿಸುತ್ತಾನೆ. ಮುಂಗಡ ಕೈಗಿಟ್ಟ ಮೇಲೆ ಹುಡುಗಿ ಎಲ್ಲಿಗೆ ಹೋದಳು ಅನ್ನೋದು ಮನೆಯವರಿಗೂ ಗೊತ್ತಿರಲ್ಲ. ಕದಿರಿ ಸುತ್ತಮುತ್ತಲಿಂದ ಹೆಣ್ಣುಮಕ್ಕಳನ್ನು ದೂರದ ಮಹಾನಗರಗಳಿಗೆ ಸಾಗಿಸಿದ ಕಥೆ ದಶಕಗಳಿಂದ ಪತ್ರಿಕೆಗಳಲ್ಲಿ ಬಂದಿದೆ. ಇದರ ಬಗ್ಗೆ ಊರು ಪಿಸುಗುಟ್ಟುತ್ತದೆಯೇ ಹೊರತು ಬಾಯಿಬಿಟ್ಟು ಮಾತಾಡಲ್ಲ.

ಗಂಡುಮಕ್ಕಳೂ ಇದರಿಂದ ಹೊರಗಿಲ್ಲ. 2024ರ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಪೊಲೀಸರು ಬಯಲಿಗೆಳೆದ ಜಾಲ ನೆನಪಿರಬಹುದು. ಕಂಪ್ಯೂಟರ್ ಕೆಲಸ ಅಂತ ಆಂಧ್ರದ ಯುವಕರನ್ನು ಕಾಂಬೋಡಿಯಾಕ್ಕೆ ಕರೆದೊಯ್ದು, ಕೂಡಿಹಾಕಿ, ಸೈಬರ್ ವಂಚನೆ ಮಾಡಿಸಿದ್ದರು. ಅಂದರೆ ಸಾಗಣೆ ಮಾಡುವವರು ಫೋನನ್ನು ಚೆನ್ನಾಗಿಯೇ ಬಳಸುತ್ತಿದ್ದಾರೆ. ಕೆಲಸದ ಆಸೆ ತೋರಿಸೋದು ವಾಟ್ಸ್‌ಆ್ಯಪಲ್ಲಿ, ಮುಂಗಡ ಬರೋದು ಫೋನ್‌ಪೇಯಲ್ಲಿ. ಅದೂ ನಮಗೆ ಅರ್ಥವಾಗೋ ಭಾಷೆಯಲ್ಲಿ!

ಹಾಗಾದರೆ ಪಾರಾಗಿ ಬಂದವಳಿಗೆ ಅದೇ ಫೋನು ಯಾಕೆ ಆಸರೆ ಆಗಬಾರದು?

ಹಾಗಂತ ಸೌಲಭ್ಯಗಳೇ ಇಲ್ಲ ಅಂತ ನಾವು ಹೇಳುತ್ತಿಲ್ಲ. 112 ಇದೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ಚಿಕಿತ್ಸೆ, ಆಪ್ತಸಲಹೆ, ವಕೀಲರ ನೆರವು, ತಾತ್ಕಾಲಿಕ ವಸತಿ ಎಲ್ಲ ಒಂದೇ ಕಡೆ ಸಿಗಲಿ ಅಂತ 2015ರಿಂದ ಸಖಿ ಕೇಂದ್ರಗಳಿವೆ. 2019ರಲ್ಲಿ ಆಂಧ್ರದಲ್ಲಿ ಗ್ರಾಮ, ವಾರ್ಡ್ ಸಚಿವಾಲಯಗಳು ಶುರುವಾದಾಗ ಅಲ್ಲಿಗೆ ಮಹಿಳಾ ಪೊಲೀಸರನ್ನೂ ನೇಮಿಸಿದರು. 2020ರಲ್ಲಿ ದಿಶಾ ಆ್ಯಪ್ ಬಂತು. ಸರ್ಕಾರ ಬದಲಾಯಿತು, 2025ರಲ್ಲಿ ಶಕ್ತಿ ಆ್ಯಪ್ ಬಂತು. ಅದೇ ವರ್ಷದ ಜನವರಿಯಲ್ಲಿ ಸರ್ಕಾರಿ ಸೇವೆಗಳನ್ನು ವಾಟ್ಸ್‌ಆ್ಯಪಲ್ಲೇ ಕೊಡುವ 'ಮನ ಮಿತ್ರ' ಕೂಡ ಬಂತು.

ಹಣದ ನೆರವೂ ಇದೆ. ಜೀತದಿಂದ ಬಿಡುಗಡೆಯಾದವರ ಪುನರ್ವಸತಿಗೆ ಕೇಂದ್ರದ ಯೋಜನೆ ಇದೆ. ತಕ್ಷಣದ ನೆರವು 30,000 ರೂಪಾಯಿವರೆಗೆ. ಆಮೇಲೆ ಗಂಡಸರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ವೇಶ್ಯಾಗೃಹ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಇದಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರ ಕೇಳೋ ಹಕ್ಕು ಬೇರೆ ಇದೆ.

ಇಷ್ಟೆಲ್ಲ ಇದ್ದೂ ಅವಳಿಗೆ ಯಾಕೆ ತಲುಪಲ್ಲ? ಒಂದು ಉದಾಹರಣೆ ಊಹಿಸಿಕೊಳ್ಳಿ.

ಕುಂದುರ್ಪಿ ಕಡೆಯ ಒಂದು ಹಳ್ಳಿ. ಮನೇಲಿ ಕನ್ನಡ, ಅಂಗಡೀಲಿ ತೆಲುಗು. ಅಲ್ಲಿಯ ಹುಡುಗಿಯೊಬ್ಬಳನ್ನು ಬೆಂಗಳೂರಲ್ಲಿ ಪೊಲೀಸರು ಬಿಡಿಸಿದರು. ಕೇಸು ಕರ್ನಾಟಕದಲ್ಲಿ, ಕಾಗದ ಕನ್ನಡದಲ್ಲಿ. ಅವಳನ್ನು ಊರಿಗೆ ಕಳಿಸಿದರು. ಇಲ್ಲಿ ಅರ್ಜಿ, ನೋಟಿಸು, ಸಚಿವಾಲಯದ ದಾಖಲೆ ಎಲ್ಲ ತೆಲುಗಲ್ಲಿ. ಅಲ್ಲಿಯ ಕಾಗದ ಇಲ್ಲಿಯವರಿಗೆ ಓದೋಕೆ ಬರಲ್ಲ, ಇಲ್ಲಿಯ ನೋಟಿಸು ಅವಳಿಗೆ ಓದೋಕೆ ಬರಲ್ಲ. ಬಿಡುಗಡೆ ಪತ್ರ ಯಾರು ಕೊಡಬೇಕು? ಪರಿಹಾರದ ಅರ್ಜಿ ಎಲ್ಲಿ ಹಾಕಬೇಕು? ಮುಂದಿನ ವಾಯಿದೆ ಯಾವತ್ತು? ಎರಡು ರಾಜ್ಯಗಳ ಮಧ್ಯೆ ಅವಳ ಫೈಲು ಮುದುರಿಕೊಂಡು ಬಿದ್ದಿರುತ್ತದೆ. ಸಾಲ ಕೊಟ್ಟವನು ಮಾತ್ರ ತಪ್ಪದೆ ಮನೆ ಬಾಗಿಲಿಗೆ ಬರುತ್ತಾನೆ. ಏಜೆಂಟೂ ಮತ್ತೆ ಫೋನ್ ಮಾಡುತ್ತಾನೆ.

"ಗಡಿಯವರಿಗೆ ತೆಲುಗು ಬರತ್ತಲ್ಲ, ಮತ್ತೇನು ಸಮಸ್ಯೆ?" ಅಂತ ಕೇಳುವವರಿದ್ದಾರೆ. ಬರುತ್ತದೆ ನಿಜ. ಸಂತೆಯಲ್ಲಿ ಹುಣಸೆಹಣ್ಣಿಗೆ ಚೌಕಾಸಿ ಮಾಡೋಷ್ಟು, ಬಸ್ಸಲ್ಲಿ ಟಿಕೆಟ್ ಕೇಳೋಷ್ಟು ಬರುತ್ತದೆ. ಆದರೆ ಮೈಮೇಲೆ ಏನಾಯಿತು, ಯಾರು ಹೊಡೆದರು, ಯಾರು ಮಾರಿದರು ಅನ್ನೋದನ್ನು ಅಮ್ಮನ ಹತ್ತಿರ ಮಾತಾಡೋ ಭಾಷೆಯಲ್ಲೇ ಹೇಳೋಕೆ ನಾಲಿಗೆ ಏಳಲ್ಲ. ಅಂಥದ್ದನ್ನು ಇನ್ನೊಂದು ಭಾಷೆಯಲ್ಲಿ, ಗುರುತಿಲ್ಲದವರ ಮುಂದೆ ಹೇಗೆ ಹೇಳಬೇಕು? ಒಂದು ಮಾತು ತಪ್ಪಿ ಬರೆದುಕೊಂಡರೆ ಕೋರ್ಟಲ್ಲಿ ಅದೇ ಮಾತು ಹಿಡಿದು ಆರೋಪಿಯ ವಕೀಲ ಅವಳನ್ನು ಸುಳ್ಳಿ ಅಂತಾನೆ.

ಈ ಮಾತು ತೆಲುಗಿನ ವಿರುದ್ಧ ಅಲ್ಲ, ಸ್ಪಷ್ಟವಾಗಿರಲಿ. ಹಿಂದೂಪುರದ ತೆಲುಗು ಮನೆಯ ಹುಡುಗಿ ಬೆಂಗಳೂರಿನ ಠಾಣೆಯಲ್ಲಿ ಕೂತಾಗ ಅವಳಿಗೂ ಇದೇ ಕಷ್ಟ. ನಾವು ಇಲ್ಲಿ ಕನ್ನಡ ಕೇಳುವಷ್ಟೇ ಗಟ್ಟಿಯಾಗಿ, ಅಲ್ಲಿ ಅವಳಿಗೆ ತೆಲುಗು ಸಿಗಬೇಕು ಅಂತಲೂ ಕೇಳುತ್ತೇವೆ. ನೊಂದವರ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ನ್ಯಾಯ, ಆಂಧ್ರಕ್ಕೆ ಒಂದು ನ್ಯಾಯ ಇರಬಾರದು.

ಇದು ಭಿಕ್ಷೆಯೂ ಅಲ್ಲ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೆ ಬೇಕಾದರೂ ತನ್ನ ಕುಂದುಕೊರತೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. 23ನೇ ವಿಧಿ ಮನುಷ್ಯರ ಮಾರಾಟವನ್ನೇ ನಿಷೇಧಿಸುತ್ತದೆ. ಈ ಎರಡೂ ವಿಧಿಗಳು ಒಂದೇ ಹೆಣ್ಣುಮಗಳ ಬದುಕಿನಲ್ಲಿ ಸೇರಬೇಕು ಅನ್ನೋದೇ ನಮ್ಮ ವಾದ.

ತಂತ್ರಜ್ಞಾನ ಈಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನೊಂದು ಹೊಸ ಆ್ಯಪ್ ಮಾಡಿ ಅಂತ ನಾವು ಕೇಳಲ್ಲ. ಆ್ಯಪ್‌ಗಳು ಸರ್ಕಾರದ ಜೊತೆ ಬರುತ್ತವೆ, ಸರ್ಕಾರದ ಜೊತೆ ಹೆಸರು ಬದಲಾಯಿಸುತ್ತವೆ. ಇರೋದನ್ನೇ ಸರಿಯಾಗಿ ಜೋಡಿಸಿ ಅಂತ ಕೇಳುತ್ತಿದ್ದೇವೆ.

ಒಂದು: 181 ಮತ್ತು 112ಕ್ಕೆ ಗಡಿ ಮಂಡಲಗಳಿಂದ ಕರೆ ಬಂದಾಗ ಕನ್ನಡ ಬಲ್ಲವರೊಬ್ಬರು ಮೂರನೆಯವರಾಗಿ ಕರೆಗೆ ಸೇರಬೇಕು. ಇದಕ್ಕೆ ರಾಕೆಟ್ ವಿಜ್ಞಾನ ಬೇಕಿಲ್ಲ, ಕಾನ್ಫರೆನ್ಸ್ ಕಾಲ್ ಸಾಕು. ತರಬೇತಿ ಪಡೆದ, ಗುಟ್ಟು ಕಾಯುವ ಹೆಣ್ಣುಮಕ್ಕಳ ಪಟ್ಟಿ ಜಿಲ್ಲೆಯಲ್ಲಿ ಇರಬೇಕು. ಅವರಿಗೆ ಗೌರವಧನ ಕೊಡಬೇಕು. ಗಡಿ ಊರುಗಳಲ್ಲಿ ಫೋನು ಒಂದು ಗಳಿಗೆ ಆಂಧ್ರದ ಟವರ್, ಇನ್ನೊಂದು ಗಳಿಗೆ ಕರ್ನಾಟಕದ ಟವರ್ ಹಿಡಿಯುತ್ತದೆ. ಕರೆ ಯಾವ ಕಡೆ ಹೋದರೂ "ಇದು ನಮ್ಮ ವ್ಯಾಪ್ತಿ ಅಲ್ಲ" ಅನ್ನೋ ಮಾತು ಬರಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಠಾಣೆಯಲ್ಲಿ ಝೀರೋ ಎಫ್‌ಐಆರ್ ದಾಖಲಿಸಲೇಬೇಕು.

ಎರಡು: ಮನ ಮಿತ್ರದಲ್ಲಿ ಮತ್ತು ಶಕ್ತಿ ಆ್ಯಪಿನಲ್ಲಿ ಕನ್ನಡದ ಆಯ್ಕೆ ಮೊದಲ ಪರದೆಯಲ್ಲೇ ಇರಲಿ, ಓದೋಕೆ ಬಾರದವರಿಗೆ ಧ್ವನಿಯಲ್ಲೂ ಸಿಗಲಿ. ಕೇಂದ್ರ ಸರ್ಕಾರದ ಭಾಷಿಣಿ 2022ರಿಂದ ಇದೆ, ಕನ್ನಡ ತೆಲುಗು ಎರಡನ್ನೂ ಅನುವಾದಿಸುತ್ತದೆ. ನೋಟಿಸು, ಅರ್ಜಿ, ವಾಯಿದೆ ದಿನಾಂಕಗಳಿಗೆ ಅದನ್ನು ಬಳಸಿ. ಆದರೆ ಅವಳ ಹೇಳಿಕೆಯನ್ನು ಮಾತ್ರ ಯಂತ್ರದ ಕೈಗೆ ಕೊಡಬೇಡಿ. ಅಲ್ಲಿ ಮನುಷ್ಯರೇ ದುಭಾಷಿ ಆಗಬೇಕು.

ಮೂರು: ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಕೋರ್ಟುಗಳಿವೆ. ಬೇರೆ ಊರಿಗೆ ಸಾಗಿಸಲ್ಪಟ್ಟಿದ್ದ ಮಕ್ಕಳು ತಮ್ಮೂರಿನ ಹತ್ತಿರದಿಂದಲೇ ವಿಡಿಯೊ ಮೂಲಕ ಸಾಕ್ಷಿ ಹೇಳುವ ಕ್ರಮವನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಅದನ್ನು ಇಲ್ಲಿ ನಿಜಕ್ಕೂ ನಡೆಸಿ. ವಯಸ್ಕ ಹೆಣ್ಣುಮಕ್ಕಳಿಗೂ ವಿಸ್ತರಿಸಿ. ಕೂಲಿ ಕಳಕೊಂಡು, ಬಸ್ ಚಾರ್ಜಿಗೆ ಸಾಲ ಮಾಡಿ, ಆರೋಪಿ ಓಡಾಡೋ ಊರಿಗೇ ಅವಳು ಯಾಕೆ ಹೋಗಬೇಕು?

ನಾಲ್ಕು: ಗುಟ್ಟು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದೂ ಗಂಡನ ಅಥವಾ ಅಣ್ಣನ ಜೇಬಲ್ಲಿ. "ನಿಮ್ಮ ಲೈಂಗಿಕ ಶೋಷಣೆ ಪ್ರಕರಣದ ವಿಚಾರಣೆ" ಅಂತ ಮೆಸೇಜು ಬಂದರೆ ಅವಳ ಬದುಕು ಅವತ್ತೇ ಮುಗಿಯಿತು. ಯಾವಾಗ, ಯಾವ ನಂಬರಿಗೆ, ಯಾವ ಹೆಸರಲ್ಲಿ ಕರೆ ಮಾಡಬೇಕು ಅಂತ ಅವಳನ್ನೇ ಕೇಳಿ. ಅವಳ ಒಪ್ಪಿಗೆ ಇಲ್ಲದೆ ಒಂದು ಅಕ್ಷರವೂ ಇಲಾಖೆಯಿಂದ ಇಲಾಖೆಗೆ ಹೋಗಬಾರದು.

ಐದು: ಕೊನೆಯ ಕೊಂಡಿ ಊರಲ್ಲೇ ಇರಬೇಕು. ಫೋನು ಇಟ್ಟ ಮೇಲೆ ಯಾರ ಮನೆಗೆ ಹೋಗಬೇಕು? ಸಚಿವಾಲಯದ ಮಹಿಳಾ ಪೊಲೀಸ್, ಆಶಾ ಕಾರ್ಯಕರ್ತೆ, ಡ್ವಾಕ್ರಾ ಸಂಘದ ಅಕ್ಕಂದಿರು ಇದ್ದಾರೆ. ಕಲ್ಯಾಣದುರ್ಗದಲ್ಲಿ ಆರ್‌ಡಿಟಿ ಆಸ್ಪತ್ರೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾರಾಗಿ ಬಂದವರೇ ಇದ್ದಾರೆ. ಆಂಧ್ರದಲ್ಲಿ ಅವರದ್ದೇ ಆದ 'ವಿಮುಕ್ತಿ' ಅನ್ನೋ ವೇದಿಕೆ ಇದೆ. 2019ರಲ್ಲಿ ಹಲವು ರಾಜ್ಯಗಳ ಇಂಥ ಗುಂಪುಗಳು ಸೇರಿ ಇಲ್‌ಫ್ಯಾಟ್ ಅನ್ನೋ ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡಿವೆ. ನಮ್ಮನ್ನು ಆಶ್ರಯಧಾಮದಲ್ಲಿ ಕೂಡಿಹಾಕಬೇಡಿ, ನಮ್ಮ ಊರಲ್ಲೇ ಬದುಕೋಕೆ ನೆರವಾಗಿ ಅನ್ನೋದು ಅವರ ಬೇಡಿಕೆ. ಅವರನ್ನು ಕೂರಿಸಿಕೊಂಡು ಈ ವ್ಯವಸ್ಥೆ ರೂಪಿಸಿ. ಯಾವ ಬಾಗಿಲು ತೆರೆಯುತ್ತದೆ, ಯಾವುದು ತೆರೆಯಲ್ಲ ಅನ್ನೋದು ಅವರಷ್ಟು ಯಾರಿಗೂ ಗೊತ್ತಿಲ್ಲ.

ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಮ್ಮವರಿಗೆ ಎರಡು ಮಾತು.

ಪೊಲೀಸರು ಹುಡುಗಿಯನ್ನು ಬಿಡಿಸಿದ ಸುದ್ದಿ ಬಂದಾಗ ಅವಳ ಫೋಟೊ, ಊರು, ಜಾತಿ ಹುಡುಕಿ ಗ್ರೂಪಿಗೆ ಹಾಕೋದನ್ನು ನಿಲ್ಲಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡೋದು ಜೈಲಿಗೆ ಹೋಗೋ ಅಪರಾಧ. ನೀವು ಅಯ್ಯೋ ಪಾಪ ಅಂತ ಹಾಕಿದ್ದರೂ ಅಷ್ಟೇ. ಎರಡು ವರ್ಷದ ನಂತರ ಅವಳಿಗೆ ಗಂಡು ನೋಡುವಾಗ ಅದೇ ಫೋಟೊ ಮತ್ತೆ ಎದ್ದು ಬರುತ್ತದೆ.

ಮತ್ತೆ, ವಾಪಸ್ ಬಂದವಳನ್ನು "ಕೆಟ್ಟುಹೋದವಳು" ಅನ್ನಬೇಡಿ. ಕೆಟ್ಟವನು ಮಾರಿದವನು. ಅವನು ಮದುವೆ ಮನೆಯಲ್ಲಿ ಮುಂದಿನ ಸಾಲಲ್ಲಿ ಕೂತು ಊಟ ಮಾಡುತ್ತಾನೆ, ಅವಳು ಹಿತ್ತಲ ಬಾಗಿಲಿಂದ ಓಡಾಡಬೇಕು. ಎಂಥ ಭಾಷೆಯಲ್ಲಿ ಸಹಾಯವಾಣಿ ಕೊಟ್ಟರೂ ಊರಿನ ಬಾಯಿ ಹೀಗೇ ಇದ್ದರೆ ಅವಳು ಫೋನು ಎತ್ತಲ್ಲ.

ಈ ವಾರ ಒಂದು ಕೆಲಸ ಮಾಡೋಣ. 112, 181, 1098, 15100 – ಈ ನಾಲ್ಕು ನಂಬರುಗಳನ್ನು, ಯಾವುದಕ್ಕೆ ಯಾವುದು ಅಂತ, ಕನ್ನಡದಲ್ಲೂ ತೆಲುಗಲ್ಲೂ ದಪ್ಪ ಅಕ್ಷರದಲ್ಲಿ ಬರೆದು ನಿಮ್ಮೂರಿನ ಸಚಿವಾಲಯ, ಶಾಲೆ, ಬಸ್ ನಿಲ್ದಾಣ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಹೆಂಗಸರು ಮಾತ್ರ ಹೋಗೋ ಜಾಗದಲ್ಲೂ ಒಂದು ಇರಲಿ, ಅಲ್ಲಿ ನಿಂತು ಯಾರ ಕಣ್ಣಿಗೂ ಬೀಳದೆ ಓದಬಹುದು. ಜೊತೆಗೆ 350ನೇ ವಿಧಿ ನಮೂದಿಸಿ, ಗಡಿ ಮಂಡಲಗಳ ಸಹಾಯವಾಣಿಗೆ ಕನ್ನಡ ದುಭಾಷಿ ಬೇಕು ಅಂತ ಅನಂತಪುರ ಮತ್ತು ಶ್ರೀ ಸತ್ಯಸಾಯಿ ಜಿಲ್ಲೆಗಳ ಕಲೆಕ್ಟರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಸೋಮವಾರದ ಅಹವಾಲು ಸಭೆಗೆ ಹೋಗಿ ಕೈಯಾರೆ ಕೊಟ್ಟು, ರಸೀದಿ ತಗೊಂಡು ಬನ್ನಿ.