ಬ್ಯಾಟರಿ ಗಾಡಿಯ ಪೆಡಲು ಕೆಟ್ಟಾಗ

ಹಂಪಿಯ ವಿಜಯ ವಿಠ್ಠಲ ದೇವಾಲಯವನ್ನು ಕಾಣಲು ಹೋದವರಿಗೆ ಗೆಜ್ಜಲ ಮಂಟಪದ ಬಳಿ ಬ್ಯಾಟರಿ ಗಾಡಿಗಳ ಸಾಲು ಎದುರಾಗುತ್ತದೆ. ಪ್ರವಾಸಿಗರ ವಾಹನಗಳು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಉಳಿದ ಸುಮಾರು ಒಂದು ಕಿಲೋಮೀಟರು ದಾರಿಯನ್ನು ನಡೆದು ಸಾಗಬೇಕು, ಇಲ್ಲವೇ ಈ ಗಾಡಿಗಳನ್ನು ಏರಬೇಕು. ಅವನ್ನು ನಡೆಸುವವರಲ್ಲಿ ಸುತ್ತಲಿನ ಊರುಗಳ ಮಹಿಳೆಯರೂ ಇದ್ದಾರೆ. ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು ಕಡೆಯಿಂದ ಪ್ರವಾಸ ಹೋದ ಮಕ್ಕಳಿಗೆ ಕಲ್ಲಿನ ರಥದಷ್ಟೇ ಈ ಸದ್ದಿಲ್ಲದ ರಥವೂ ಸೋಜಿಗವೆನಿಸಿದರೆ ಆಶ್ಚರ್ಯವಿಲ್ಲ. ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿಯೂ ಇಂತಹ ಗಾಡಿಗಳಿವೆ. ಇವೆಲ್ಲವುಗಳ ಹಿರಿಯಜ್ಜ ಗಾಲ್ಫ್ ಮೈದಾನದ ಪುಟ್ಟ ವಿದ್ಯುತ್ ಗಾಡಿ.

ಇಂತಹ ಗಾಡಿ ಹಳತಾದಂತೆ ಒಂದು ವಿಶಿಷ್ಟ ಕಾಯಿಲೆ ಅದಕ್ಕೆ ಅಂಟಿಕೊಳ್ಳುತ್ತದೆ. ಪೆಡಲನ್ನು ಮೆಲ್ಲಗೆ ಒತ್ತಿದರೂ ಅದು ಮೆಲ್ಲಗೆ ಹೊರಡದು. ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಅರ್ಧ ಒತ್ತಿದಾಗ ನಿಂತು, ಇನ್ನಷ್ಟು ಒತ್ತಿದಾಗ ಮತ್ತೆ ಎದ್ದು ಓಡುತ್ತದೆ. ಹಿಂದಿನ ಆಸನದಲ್ಲಿ ವೃದ್ಧರೋ ಮಕ್ಕಳೋ ಕುಳಿತಿದ್ದರೆ ಈ ಜಿಗಿತವೇ ಅಪಾಯಕ್ಕೆ ಸಾಕು. ಮಾಲೀಕನ ಮೊದಲ ಅನುಮಾನ ಸಾಮಾನ್ಯವಾಗಿ ಬ್ಯಾಟರಿಯ ಮೇಲೆ, ಎರಡನೆಯದು ಮೋಟಾರಿನ ಮೇಲೆ. ಎರಡೂ ದುಬಾರಿ ವಸ್ತುಗಳು. ಆದರೆ ಅನೇಕ ಸಲ ತಪ್ಪು ಇರುವುದು ಪೆಡಲಿನ ಕೆಳಗಿನ ಒಂದು ಸಣ್ಣ ಪೆಟ್ಟಿಗೆಯಲ್ಲಿ. ಅದೇ ಥ್ರಾಟಲ್, ಅಂದರೆ ವೇಗದ ನಿಯಂತ್ರಕ.

ಈ ಪೆಟ್ಟಿಗೆಯ ಗುಟ್ಟು ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅಪರಿಚಿತವಲ್ಲ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವಿಭವಾಂತರ ಬದಲಾಗದಿರುವಾಗ ರೋಧ ಹೆಚ್ಚಿದಷ್ಟೂ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆ. ಬೇಕಾದಂತೆ ಬದಲಿಸಬಹುದಾದ ರೋಧಕಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ‘ರಿಯೋಸ್ಟಾಟ್’ ಎಂಬ ಹೆಸರನ್ನು ಬಳಕೆಗೆ ತಂದನು. ಶಾಲೆಯ ಪ್ರಯೋಗಾಲಯದ ಮೇಜಿನ ಮೇಲಿರುವ ಆ ಉಪಕರಣದ ತಮ್ಮನೇ ಗಾಡಿಯ ಪೆಡಲಿನಡಿ ಅಡಗಿದ್ದಾನೆ.

ಬಹಳ ಹಳೆಯ ಗಾಡಿಗಳಲ್ಲಿ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಪ್ರವಾಹವೆಲ್ಲ ದಪ್ಪ ಲೋಹದ ಸುರುಳಿಗಳ ಮೂಲಕವೇ ಹರಿಯುತ್ತಿತ್ತು. ಪೆಡಲು ಒತ್ತಿದಂತೆ ಒಂದೊಂದೇ ಸುರುಳಿ ದಾರಿಯಿಂದ ಸರಿದು ವೇಗ ಹೆಚ್ಚುತ್ತಿತ್ತು. ಇದರ ನಷ್ಟವನ್ನು ಜೂಲ್ ನಿಯಮದಿಂದ ಮಕ್ಕಳೇ ಲೆಕ್ಕ ಹಾಕಬಹುದು. 0.1 ಓಮ್ ರೋಧದ ಸುರುಳಿಯಲ್ಲಿ 100 ಆಂಪಿಯರ್ ಹರಿದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗ 1000 ವ್ಯಾಟ್ ಬರುತ್ತದೆ. ಒಂದು ಇಸ್ತ್ರಿಪೆಟ್ಟಿಗೆಯ ಕಾವು ಸುಮ್ಮನೆ ಗಾಳಿಯ ಪಾಲು!

ಅನಂತರದ ಗಾಡಿಗಳಲ್ಲಿ ವಿದ್ಯುನ್ಮಾನ ನಿಯಂತ್ರಕ ಬಂದಿತು. ಅದು ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ತೆರೆದು ಮುಚ್ಚಿ ವೇಗವನ್ನು ಹದಗೊಳಿಸುತ್ತದೆ. ಪೆಡಲಿಗೆ ಈಗ ಭಾರ ಹೊರುವ ಕೆಲಸವಿಲ್ಲ; ‘ಇಷ್ಟು ವೇಗ ಬೇಕು’ ಎಂದು ತಿಳಿಸುವ ಕೆಲಸವಷ್ಟೇ. ಇಂತಹ ಅನೇಕ ಗಾಡಿಗಳಲ್ಲಿ ಆ ಸಂದೇಶ ಸೊನ್ನೆಯಿಂದ 5000 ಓಮ್‌ವರೆಗೆ ಬದಲಾಗುವ ರೋಧ. 5 ವೋಲ್ಟಿನ ವಿಭವಾಂತರದಲ್ಲಿ 5000 ಓಮ್ ಮೂಲಕ ಹರಿಯುವುದು ಒಂದು ಮಿಲಿ ಆಂಪಿಯರ್ ಮಾತ್ರ. ನೂರು ಆಂಪಿಯರಿನ ಲಕ್ಷದಲ್ಲೊಂದು ಪಾಲು!

ಈ ರೋಧಕ ಕೆಡುವುದೇಕೆ? ಹಳೆಯ ರೇಡಿಯೋದ ಧ್ವನಿಯ ಗುಬುಟನ್ನು ತಿರುಗಿಸುವಾಗ ಕೇಳುವ ಕರಕರ ಸದ್ದನ್ನು ಹಿರಿಯರು ಬಲ್ಲರು. ಅಲ್ಲಿಯೂ ಒಂದು ಲೋಹದ ನಾಲಗೆ ರೋಧಕದ ಪಟ್ಟಿಯ ಮೇಲೆ ಉಜ್ಜುತ್ತಾ ಸಾಗುತ್ತದೆ. ವರ್ಷಗಳು ಕಳೆದಂತೆ ಪಟ್ಟಿ ಸವೆಯುತ್ತದೆ, ಧೂಳು ಸೇರುತ್ತದೆ, ಸವೆದ ಜಾಗದಲ್ಲಿ ಸಂಪರ್ಕ ತಪ್ಪುತ್ತದೆ. ರೇಡಿಯೋದಲ್ಲಿ ಅದು ಕರಕರ. ಗಾಡಿಯಲ್ಲಿ ಅದೇ ಜಿಗಿತ. ಚಾಲಕನ ಪಾದ ಹೆಚ್ಚಾಗಿ ನಿಲ್ಲುವ ನಡುಭಾಗದಲ್ಲಿ ಸವೆತವೂ ಹೆಚ್ಚು.

ಆದುದರಿಂದ ಹೊಸ ವಸ್ತುವನ್ನು ಕೊಳ್ಳುವ ಮೊದಲು ಅಳೆಯಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಕೀಲಿ ತೆಗೆದು, ಬ್ಯಾಟರಿ ಸಾಲಿನ ಕೊನೆಯ ಋಣ ತಂತಿಯನ್ನು ಬಿಚ್ಚಬೇಕು. ಹಳೆಯ ಗಾಡಿಗಳ 36 ಅಥವಾ 48 ವೋಲ್ಟ್ ಮನೆಯ ವಿದ್ಯುತ್ತಿನಂತೆ ಹೊಡೆಯದಿದ್ದರೂ, ಕೈಜಾರಿದ ಸ್ಪ್ಯಾನರ್ ಎರಡು ತುದಿಗಳ ನಡುವೆ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯಬಲ್ಲದು. ಉಂಗುರ, ಬಳೆ, ಕೈಗಡಿಯಾರಗಳನ್ನು ಮೊದಲೇ ತೆಗೆದಿಡಬೇಕು. ಸೀಸ-ಆಮ್ಲ ಬ್ಯಾಟರಿಗಳಿಂದ ಜಲಜನಕ ಹೊರಬರುವುದರಿಂದ ಬೆಂಕಿ ಸುಳಿಯಬಾರದು. ನಿಯಂತ್ರಕದೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆಂಬುದನ್ನೂ ಮರೆಯಬಾರದು. ಇದು ದೊಡ್ಡವರ, ಕೆಲಸ ಬಲ್ಲವರ ಕೆಲಸ. ಮಕ್ಕಳು ದೂರದಿಂದ ನೋಡಬಹುದು.

ಬಳಿಕ ಥ್ರಾಟಲಿನ ಎರಡು ತಂತಿಗಳನ್ನು ನಿಯಂತ್ರಕದಿಂದ ಬಿಡಿಸಿ, ಮಲ್ಟಿಮೀಟರನ್ನು ಓಮ್ ಮಾಪನಕ್ಕಿಟ್ಟು, ಪೆಡಲನ್ನು ನಿಧಾನವಾಗಿ ಒತ್ತಬೇಕು. ಅಂಕಿ ಸೊನ್ನೆಯ ಬಳಿಯಿಂದ 5000ದ ಬಳಿಗೆ ಮೆಟ್ಟಿಲಿಲ್ಲದ ಇಳಿಜಾರಿನಂತೆ ಏರಿದರೆ ಪೆಟ್ಟಿಗೆ ಆರೋಗ್ಯವಾಗಿದೆ. ನಡುವೆ ನೆಗೆದರೆ ಪಟ್ಟಿ ಸವೆದಿದೆ. ಅಲುಗದೆ ನಿಂತರೆ ಪೆಡಲಿಗೂ ಪೆಟ್ಟಿಗೆಗೂ ನಡುವಣ ಸರಳು ಕಳಚಿರಬಹುದು. ಆದಿಯಿಂದಲೂ ಅನಂತ ರೋಧ ತೋರಿದರೆ ತಂತಿ ತುಂಡಾಗಿರಬಹುದು. ಪೆಡಲಿನ ಮೊದಲ ಒತ್ತಿಗೇ ‘ಟಿಕ್’ ಎನ್ನುವ ಚಿಕ್ಕ ಸ್ವಿಚ್ಚನ್ನೂ ಪರೀಕ್ಷಿಸಬೇಕು. ಗಾಡಿ ಹೊರಡದಿರಲು ಅದೊಂದೇ ಕಾರಣವಾಗಿರಬಹುದು.

ಬದಲಿ ಪೆಟ್ಟಿಗೆಯನ್ನು ಆರಿಸುವಾಗ ಆಕಾರ ನೋಡಿದರೆ ಸಾಲದು. ಕೆಲವು ನಿಯಂತ್ರಕಗಳು ಸೊನ್ನೆಯಿಂದ 5000 ಓಮ್‌ಗೆ ಏರುವ ರೋಧವನ್ನು ಕೇಳಿದರೆ, ಕೆಲವು 5000ದಿಂದ ಸೊನ್ನೆಗೆ ಇಳಿಯುವುದನ್ನು ಕೇಳುತ್ತವೆ. ಮತ್ತೆ ಕೆಲವಕ್ಕೆ ರೋಧವೇ ಬೇಡ, ವೋಲ್ಟೇಜು ಬೇಕು. ಇಂದಿನ ಬ್ಯಾಟರಿ ಆಟೋಗಳ ಹಿಡಿಯಲ್ಲಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಕೆಲಸ ಮಾಡುತ್ತದೆ: ಅಯಸ್ಕಾಂತ ಹತ್ತಿರ ಸರಿದಂತೆ ಸಂವೇದಕದ ವೋಲ್ಟೇಜು ಬದಲಾಗುತ್ತದೆ. ಅಲ್ಲಿ ಉಜ್ಜಾಟವಿಲ್ಲ, ಹಾಗಾಗಿ ಸವೆತವೂ ಇಲ್ಲ. ಆದರೆ ರೋಧವನ್ನು ಓದುವ ಹಳೆಯ ನಿಯಂತ್ರಕಕ್ಕೆ ಅದನ್ನು ನೇರವಾಗಿ ಜೋಡಿಸಲಾಗದು. ಅದರ ಭಾಷೆಯೇ ಬೇರೆ.

ಇಲ್ಲಿ ಮಕ್ಕಳು ಯೋಚಿಸಬೇಕಾದ ಪ್ರಶ್ನೆಯೊಂದಿದೆ. ರೋಧ ಹೆಚ್ಚಿದಂತೆ ವೇಗ ಹೆಚ್ಚುವ ಗಾಡಿಯಲ್ಲಿ ತಂತಿ ತುಂಡಾದರೆ ಏನಾದೀತು? ತುಂಡಾದ ತಂತಿಯ ರೋಧ ಅನಂತ. ಅರಿವಿಲ್ಲದ ನಿಯಂತ್ರಕ ಅದನ್ನು ‘ಪೂರ್ಣ ವೇಗ’ ಎಂದು ಓದೀತು! ಅದಕ್ಕಾಗಿಯೇ ಒಳ್ಳೆಯ ನಿಯಂತ್ರಕಗಳು ಮಿತಿಮೀರಿದ ರೋಧವನ್ನು ಕಂಡೊಡನೆ ಮೋಟಾರನ್ನು ನಿಲ್ಲಿಸುತ್ತವೆ. ಪೆಡಲು ಒತ್ತಿರುವಾಗಲೇ ಕೀಲಿ ತಿರುಗಿಸಿದರೆ ಹೊರಡದ ಏರ್ಪಾಡೂ ಅನೇಕವುಗಳಲ್ಲಿದೆ. ಯಂತ್ರ ಕೆಡುವುದು ತಪ್ಪದು. ಕೆಟ್ಟಾಗ ಅದು ಓಟದತ್ತ ಅಲ್ಲ, ನಿಲುಗಡೆಯತ್ತ ಕೆಡಬೇಕು. ಈ ರಕ್ಷಣೆಯನ್ನು ತಪ್ಪಿಸಲು ತಂತಿಗಳನ್ನು ಅಡ್ಡದಾರಿಯಲ್ಲಿ ಜೋಡಿಸಿ ‘ಹೇಗೋ ಓಡಿಸುವ’ ರಿಪೇರಿ ಪ್ರಯಾಣಿಕರ ಪ್ರಾಣದೊಡನೆ ಆಡುವ ಆಟ.

ಹೊಸ ಪೆಟ್ಟಿಗೆಯನ್ನು ಕೂರಿಸುವ ಮೊದಲು ಹಳೆಯ ಜೋಡಣೆಯ ಚಿತ್ರ ತೆಗೆದು ತಂತಿಗಳಿಗೆ ಗುರುತು ಕಟ್ಟಬೇಕು. ಪಾದ ಬಿಟ್ಟಾಗ ರೋಧ ತನ್ನ ಆರಂಭಕ್ಕೆ ಮರಳುವಂತೆ, ಪೂರ್ತಿ ಒತ್ತಿದಾಗ ಕೊನೆ ಮುಟ್ಟುವಂತೆ ಸರಳನ್ನು ಹೊಂದಿಸಬೇಕು. ಪಾದದ ಬಲವನ್ನು ತಡೆಯುವುದು ಪೆಡಲಿನ ಕೆಳಗಿನ ಗಟ್ಟಿ ತಡೆಯಾಗಿರಬೇಕೇ ಹೊರತು ಪೆಟ್ಟಿಗೆಯಲ್ಲ. ಕೊನೆಗೆ ಹಿಂದಿನ ಚಕ್ರಗಳನ್ನು ಎತ್ತಿ, ಭದ್ರವಾದ ಆಧಾರವಿಟ್ಟು, ಬ್ಯಾಟರಿ ಜೋಡಿಸಿ, ಕೀಲಿಯ ಮೇಲೆ ಕೈಯಿಟ್ಟುಕೊಂಡೇ ಮೆಲ್ಲನೆ ಒತ್ತಿ ನೋಡಬೇಕು. ಪೂರ್ಣ ವೇಗ ಬೇಡ. ಹಳೆಯ ಸರಣಿ ಮೋಟಾರು ಹೊರೆಯಿಲ್ಲದಾಗ ಮಿತಿಮೀರಿ ತಿರುಗಿ ತನ್ನನ್ನೇ ಹಾಳುಮಾಡಿಕೊಳ್ಳಬಲ್ಲದು. ಪಾದ ಬಿಟ್ಟಾಗಲೆಲ್ಲ ಮೋಟಾರಿಗೆ ವಿದ್ಯುತ್ತು ನಿಲ್ಲುತ್ತದೆಂದು ಹತ್ತಾರು ಸಲ ಖಚಿತಪಡಿಸಿಕೊಂಡ ಮೇಲೆಯೇ ಜನರನ್ನು ಕೂರಿಸಬೇಕು.

ಮನೆಯಲ್ಲಿ ಕೆಟ್ಟು ಬಿದ್ದ ರೇಡಿಯೋ ಇದ್ದರೆ ಈ ಪಾಠವನ್ನು ಗಾಡಿಯಿಲ್ಲದೆಯೂ ಕಲಿಯಬಹುದು. ಹಿರಿಯರೊಬ್ಬರು ಅದನ್ನು ವಿದ್ಯುತ್ತಿನಿಂದ ಬೇರ್ಪಡಿಸಿ, ಧ್ವನಿಯ ಗುಬುಟಿನ ಬಿಡಿಭಾಗವನ್ನು ಬಿಚ್ಚಿ ಕೊಡಲಿ. ಅದರ ನಡುವಿನ ಮತ್ತು ಒಂದು ಬದಿಯ ಕಾಲುಗಳಿಗೆ ಮಲ್ಟಿಮೀಟರು ಹಿಡಿದು ಮಗು ಗುಬುಟನ್ನು ತಿರುಗಿಸಲಿ. ಅಂಕಿ ಎಲ್ಲಿ ನೆಗೆಯುತ್ತದೆಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಪಠ್ಯಪುಸ್ತಕದ ‘ರೋಧ’ ಎಂಬ ಕನ್ನಡ ಪದದ ಅರ್ಥ ಆ ಹಾಳೆಯ ಮೇಲೆ ಮೂಡಿರುತ್ತದೆ.