ಕಂಚಿನ ನಾಣ್ಯದ ಸಾಕ್ಷಿಯನ್ನೂ ಕೇಳಬೇಕು

ಕ್ರಿ.ಶ. 312ರ ಅಕ್ಟೋಬರ್ 28ರಂದು ರೋಮ್ ನಗರದ ಹೊರಗೆ, ಮಿಲ್ವಿಯನ್ ಸೇತುವೆಯ ಬಳಿ ಕಾನ್‌ಸ್ಟಂಟೈನ್ ತನ್ನ ಎದುರಾಳಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ. ಈ ಯುದ್ಧಕ್ಕೆ ಮೊದಲು ಆಗಸದಲ್ಲಿ ಅವನಿಗೆ ಶಿಲುಬೆ ಕಾಣಿಸಿತೆಂದು ಬಿಷಪ್ ಯುಸೀಬಿಯಸ್ ಬರೆದಿಟ್ಟ. ರೋಮ್ ಸಾಮ್ರಾಜ್ಯ ಕ್ರೈಸ್ತ ಧರ್ಮದತ್ತ ಹೊರಳಿದ್ದು ಆ ಒಂದೇ ದಿನದಲ್ಲಿ ಎಂಬಂತೆ ಈ ಕಥೆಯನ್ನು ಇಂದಿಗೂ ಹೇಳಲಾಗುತ್ತದೆ.

ಅದೇ ಚಕ್ರವರ್ತಿಯ ಕಂಚಿನ ನಾಣ್ಯಗಳು ಇದನ್ನು ಒಪ್ಪುವುದಿಲ್ಲ.

ಗೆಲುವಿನ ನಂತರವೂ ಹಲವು ವರ್ಷ ಲಂಡನ್, ಟ್ರಿಯರ್, ಆರ್ಲ್ ಟಂಕಸಾಲೆಗಳಲ್ಲಿ ಅಚ್ಚಾದ ನಾಣ್ಯಗಳ ಹಿಮ್ಮುಖದಲ್ಲಿ ನಿಂತಿರುವವನು ಸೂರ್ಯದೇವ. ತಲೆಯ ಮೇಲೆ ಕಿರಣಗಳ ಕಿರೀಟ, ಕೈಯಲ್ಲಿ ಭೂಗೋಳ. ಸುತ್ತಲಿನ ಲ್ಯಾಟಿನ್ ಬರಹ ಅವನನ್ನು ಚಕ್ರವರ್ತಿಯ ಸಂಗಾತಿ, ಅಜೇಯ ಸೂರ್ಯ ಎಂದು ಕರೆಯುತ್ತದೆ. ಸೂರ್ಯನನ್ನು ನಂಬಿದ್ದ ಸೈನಿಕರು ಆ ಸೇನೆಯಲ್ಲಿ ಬಹಳ ಮಂದಿ ಇದ್ದರು. ಅವರ ದೇವರನ್ನು ಏಕಾಏಕಿ ನಾಣ್ಯದಿಂದ ಇಳಿಸುವುದು ಯಾವ ಅರಸನಿಗೂ ಸುಲಭವಿರಲಿಲ್ಲ.

327ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಂದು ವಿರಳ ನಾಣ್ಯ ಹೊರಬಂತು. ಅದರಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳ ಲಾಂಛನವಿದೆ. ಆದರೆ ಅದು ಇರುವುದು ಹಾವನ್ನು ಇರಿಯುತ್ತಿರುವ ಸೇನಾಧ್ವಜದ ತುದಿಯಲ್ಲಿ. ಹೊಸ ಧರ್ಮದ ಗುರುತು ನಾಣ್ಯಕ್ಕೆ ಬಂದದ್ದೂ ದಂಡಿನ ಜೊತೆಗೇ.

330ರಿಂದ ಅಪಾರ ಸಂಖ್ಯೆಯಲ್ಲಿ ಟಂಕಿಸಿದ ‘ಸೇನೆಯ ಕೀರ್ತಿ’ ನಾಣ್ಯಗಳಲ್ಲಂತೂ ಯಾವ ದೇವರೂ ಇಲ್ಲ. ಈಟಿ, ಗುರಾಣಿ ಹಿಡಿದ ಇಬ್ಬರು ಸೈನಿಕರು, ನಡುವೆ ಎರಡು ಧ್ವಜ. ಕೆಲವೇ ವರ್ಷಗಳಲ್ಲಿ ನಾಣ್ಯದ ಗಾತ್ರ ಕುಗ್ಗಿ, ಎರಡು ಧ್ವಜ ಒಂದಾಯಿತು. ಸೈನಿಕರು ಮಾತ್ರ ಇಬ್ಬರೂ ಉಳಿದರು!

ಕ್ರಿಸ್ತನ ಲಾಂಛನ ಕಂಚಿನ ನಾಣ್ಯದ ಹಿಮ್ಮುಖವನ್ನು ಪೂರ್ತಿ ತುಂಬಿದ್ದು 353ರ ವೇಳೆಗೆ, ಮ್ಯಾಗ್ನೆಂಟಿಯಸ್‌ನ ಕಾಲದಲ್ಲಿ. ಅವನು ಸಿಂಹಾಸನ ಕಸಿದುಕೊಂಡ ಸೇನಾನಾಯಕ. 351ರಲ್ಲಿ ಮುರ್ಸಾದಲ್ಲಿ ಸೋತು ಬೆಂಬಲಕ್ಕಾಗಿ ಪರದಾಡುತ್ತಿದ್ದವನು. ಭಕ್ತಿಯ ಜೊತೆಗೆ ರಾಜಕಾರಣದ ತುರ್ತೂ ಆ ಅಚ್ಚಿನಲ್ಲಿ ಕಾಣುತ್ತದೆ.

ಕಾನ್‌ಸ್ಟಂಟೈನ್‌ನ ನಂಬಿಕೆ ಸುಳ್ಳೆಂದು ಇದರಿಂದ ಹೇಳಲಾಗದು. ಅವನು ಚರ್ಚುಗಳನ್ನು ಕಟ್ಟಿಸಿದ, 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದ. ಆದರೆ ಅರಸನ ಮನಸ್ಸು ಬದಲಾದ ಮಾತ್ರಕ್ಕೆ ಸಾಮ್ರಾಜ್ಯ ಬದಲಾಗಲಿಲ್ಲ. ಯುಸೀಬಿಯಸ್ ಬರೆದದ್ದು ಓದುಬಲ್ಲ ಕೆಲವರಿಗೆ. ಕಂಚಿನ ಕಾಸು ಸಂತೆಯ ವ್ಯಾಪಾರಿಯ ಕೈಗೂ ಸೈನಿಕನ ಕೈಗೂ ತಲುಪುತ್ತಿತ್ತು. ಪ್ರಜೆಗಳಿಗೆ ಏನು ತೋರಿಸಲು ಪ್ರಭುತ್ವ ಸಿದ್ಧವಿತ್ತು, ಏನನ್ನು ತಡೆದಿಟ್ಟಿತು ಎಂಬುದಕ್ಕೆ ಈ ಕಾಸುಗಳೇ ನೇರ ದಾಖಲೆ. ರೋಮ್‌ನ ಮತಾಂತರದ ಕಥೆ ಬರೆಯುವವರು, ಕಲಿಸುವವರು ಬಿಷಪ್‌ನ ಗ್ರಂಥದ ಪಕ್ಕದಲ್ಲಿ ಇವುಗಳನ್ನೂ ಇಟ್ಟು ಓದಲಿ.